ಕಣ್ಣು ಮುಚ್ಚಿ ಕಲಿತ ಕಾಳು

ಸಾದಲಿ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಆ ಬೆಳಗ್ಗೆ ಐದು ಜನ ಕೂತಿದ್ದೆವು. ಗೋಡೆಗೆ ಒರಗಿ ಕಾಲು ಚಾಚಿಕೊಂಡು ಅಜ್ಜಿ, ಅಂದರೆ ಅಪ್ಪನ ತಾಯಿ. ಮೆಟ್ಟಿಲ ಮೇಲೆ ಅಪ್ಪ, ಒಂದು ಕಾಲು ಚಪ್ಪಲಿಯೊಳಗೆ, ಇನ್ನೊಂದು ಹೊರಗೆ, ಯಾವ ಗಳಿಗೆಯಲ್ಲಾದರೂ ತೋಟಕ್ಕೆ ಎದ್ದು ಹೋಗುವವರ ಹಾಗೆ. ಹೊಸ್ತಿಲ ಒಳಗೆ ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಚಿಕ್ಕಪ್ಪ ಗೌರಿಬಿದನೂರಿನ ಹತ್ತಿರದ ತಮ್ಮ ಮಾವನ ಮನೆಯಿಂದ ಅವತ್ತೇ ಬಂದಿದ್ದರು, ಬರುವಾಗ ಒಂದು ಚೀಲ ತುಂಬಾ ಸಣ್ಣ ಸಣ್ಣ ಪೊಟ್ಟಣ ಕಟ್ಟಿಸಿಕೊಂಡು ಬಂದಿದ್ದರು. ಕೆಲವು ಪೊಟ್ಟಣ ಬಿಚ್ಚಿ ಮೊರದ ಮೇಲೆ ಹಿಡಿ ಹಿಡಿ ಗುಡ್ಡೆ ಹಾಕಿದ್ದರು. ಮೊರದ ಮುಂದೆ ನಾನು.

"ಇದು ಯಾವುದು ಹೇಳಮ್ಮ" ಅಂದರು ಚಿಕ್ಕಪ್ಪ.

ಬಗ್ಗಿ ನೋಡಿದೆ. ಸಣ್ಣಗೆ, ಗುಂಡಗೆ, ಸ್ವಲ್ಪ ಹಳದಿ. "ನವಣೆ."

"ಇದು?"

ಅದೂ ಸಣ್ಣಗೆ, ಗುಂಡಗೆ, ಸ್ವಲ್ಪ ಹಳದಿ. "ಅದೂ ನವಣೆ."

"ಅದು ಸಾಮೆ. ಮೊದಲನೇದು ಬರಗು. ನವಣೆ ಇಲ್ಲಿಗೆ ಇನ್ನೂ ಬಂದೇ ಇಲ್ಲ, ಚೀಲದಲ್ಲೇ ಐತೆ" ಅಂದು ಚಿಕ್ಕಪ್ಪ ನಕ್ಕುಬಿಟ್ಟರು. "ಅಣ್ಣ, ನಿನ್ನ ಮಗಳು ರೈತನ ಮಗಳು ಅಂತ ತಹಶೀಲ್ದಾರ್ ಬರೆದುಕೊಟ್ಟಿರೋದು ಸರಿ. ಇವಳು ಬಾಯಿ ಬಿಟ್ಟರೆ ಆ ಕಾಗದ ವಾಪಸ್ ಈಸ್ಕೊಳ್ತಾರೆ!"

ಅಪ್ಪ ನಗಲಿಲ್ಲ. ಅಮ್ಮನ ಕೈಯಲ್ಲಿದ್ದ ಹುರುಳಿಕಾಯಿ ಅಲ್ಲೇ ನಿಂತಿತು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ವಿಷಯ ಏನೆಂದರೆ, ಕೃಷಿ ಪದವಿಗೆ ಸೇರಬೇಕಾದರೆ ಎಲ್ಲರ ಹಾಗೆ ಸಿಇಟಿ ಬರೆಯಬೇಕು. ಅದರ ಜೊತೆಗೆ ರೈತರ ಮಕ್ಕಳಿಗೆ ಅಂತ ಒಂದಿಷ್ಟು ಸೀಟು ಬೇರೆ ಇಟ್ಟಿರುತ್ತಾರೆ. ಆ ಸೀಟು ಬೇಕಾದವರಿಗೆ ಇನ್ನೊಂದು ಪ್ರಾಯೋಗಿಕ ಪರೀಕ್ಷೆ. ಮೇಜುಗಳ ಮೇಲೆ ಕಾಳು, ಗೊಬ್ಬರ, ಹಿಂಡಿ, ಕಳೆ ಗಿಡ, ಸಲಕರಣೆ ಎಲ್ಲ ಸಾಲಾಗಿ ಇಟ್ಟಿರುತ್ತಾರೆ. ಒಂದೊಂದನ್ನೂ ಗುರುತಿಸಿ ಬರೆಯಬೇಕು. ನಿಜವಾಗಿ ಹೊಲದಲ್ಲಿ ಬೆಳೆದ ಮಕ್ಕಳೋ ಅಲ್ಲವೋ ಅಂತ ನೋಡುವುದಕ್ಕೆ.

ನನ್ನ ಸಿಇಟಿ ಮುಗಿದಿತ್ತು. ಭೌತಶಾಸ್ತ್ರ ಕೈ ಕೊಟ್ಟಿತ್ತು. ಸಾಮಾನ್ಯ ಪಟ್ಟಿಯಲ್ಲಿ ಸೀಟು ಬರುವ ಹಾಗಿರಲಿಲ್ಲ, ಅದು ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಉಳಿದದ್ದು ರೈತರ ಮಕ್ಕಳ ಸೀಟು ಒಂದೇ. "ಅಗ್ರಿ ಸಿಕ್ಕಿದ್ರೆ ಓದು, ಎಲ್ಲಿ ಬೇಕಾದ್ರೂ ಕಳಿಸ್ತೀನಿ. ಇಲ್ಲಾಂದ್ರೆ ಶಿಡ್ಲಘಟ್ಟದಲ್ಲಿ ಡಿಗ್ರಿ. ಇನ್ನೊಂದು ವರ್ಷ ಕೂತ್ಕೊಂಡು ಮತ್ತೆ ಬರೀತೀನಿ ಅನ್ನೋದೆಲ್ಲ ಬೇಡ" ಅಂದಿದ್ದರು ಅಪ್ಪ. ನನಗೆ ಅಗ್ರಿಯೇ ಬೇಕಿತ್ತು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮ ರೇಷ್ಮೆ ಹುಳಕ್ಕೆ ರೋಗ ಬಿದ್ದಿತ್ತು. ಇಲಾಖೆಯ ಮೇಡಮ್ಮೊಬ್ಬರು ಸ್ಕೂಟಿಯಲ್ಲಿ ಬಂದು, ಒಂದು ತಟ್ಟೆ ನೋಡಿ, ಮಿಕ್ಕ ತಟ್ಟೆಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಅಂತ ಹೇಳಿ ಹೋದರು. ಹಾಗೇ ಆಯಿತು. ಅವತ್ತಿನಿಂದ ನಾನು ಆ ಮೇಡಮ್ ಆಗಬೇಕು ಅಂತ ಕೂತಿದ್ದೆ.

ಕಾಳು ಗೊತ್ತಿಲ್ಲದ್ದಕ್ಕೆ ನನ್ನನ್ನು ಬೈದು ಏನು ಪ್ರಯೋಜನ? ಎರಡು ವರ್ಷ ನನ್ನನ್ನು ಚಿಕ್ಕಬಳ್ಳಾಪುರದ ಹಾಸ್ಟೆಲಿನಲ್ಲಿ ಇಟ್ಟಿದ್ದರು. ರಜೆಗೆ ಊರಿಗೆ ಬಂದರೂ ತೋಟದ ಕಡೆ ಬಿಡುತ್ತಿರಲಿಲ್ಲ. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬರುವ ಅಮ್ಮನಿಗೆ ಎದುರು ಹೋಗಿ ಕೈ ಕೊಟ್ಟರೆ, "ಬಿಡೇ, ಕೈಯೆಲ್ಲ ಕರೆ ಆಗ್ತದೆ, ಹೋಗಿ ಓದ್ಕೋ." ಹುಳದ ಮನೆಯ ಬಾಗಿಲಲ್ಲಿ ಇಣುಕಿದರೆ ಅಪ್ಪ ಒಳಗಿಂದಲೇ, "ಬರಬೇಡ ಕಣಮ್ಮ, ಘಮಘಮ ಅಂತ ಸೋಪು ಹಚ್ಕೊಂಡು ಬಂದಿದ್ದೀಯ, ಹುಳಕ್ಕೆ ಆಗಲ್ಲ." ನೆಂಟರು ಬಂದಾಗ ಅಮ್ಮ, "ನಮ್ಮ ಹುಡುಗಿ ಎರಡು ವರ್ಷದಿಂದ ಒಂದು ಎಲೆ ಕೊಯ್ದಿಲ್ಲ ನೋಡಿ" ಅನ್ನುತ್ತಿದ್ದಳು, ಹೊಸ ಬಳೆ ತೋರಿಸುವವರ ಹಾಗೆ. ಈಗ ಆ ಕೊಯ್ಯದ ಎಲೆಯನ್ನೇ ಪರೀಕ್ಷೆಯಲ್ಲಿ ಕೇಳುತ್ತಾರೆ. ಇನ್ನು ಹದಿನೈದು ದಿನ ಇತ್ತು.

"ಕಲಿಸಿದ್ರೆ ಕಲೀತಾಳೆ, ಅದಕ್ಯಾಕೆ ಎಲ್ಲಾರೂ ಬಾಯಿ ಕಟ್ಕೊಂಡು ಕೂತಿದ್ದೀರ?" ಅಂದಳು ಅಜ್ಜಿ. "ಮೊರ ಇತ್ತ ತಳ್ಳೋ."

ಆದರೂ ಕಲಿಸುವ ಕೆಲಸ ಮೊದಲು ಚಿಕ್ಕಪ್ಪನದಾಗಿತ್ತು. ಅವರು ಮೊಬೈಲಿನಲ್ಲಿ ನೂರಾರು ಫೋಟೋ ತುಂಬಿಸಿಕೊಂಡಿದ್ದರು. ಬೆರಳಲ್ಲಿ ಒಂದೊಂದೇ ಸರಿಸುತ್ತಾ "ಇದು? ಇದು? ಇದು?" ಅನ್ನುತ್ತಿದ್ದರು. ಫೋಟೋದಲ್ಲಿ ಸಾಸಿವೆಯೂ ಗೋಲಿಯಷ್ಟು ದಪ್ಪ, ಅವರೆಯೂ ಗೋಲಿಯಷ್ಟೇ ದಪ್ಪ. ಒಂದು ಗಂಟೆ ಹೊತ್ತಿಗೆ ನನ್ನ ತಲೆ ಕೆಟ್ಟು ಗೊಬ್ಬರವಾಗುತ್ತಿತ್ತು. ತಪ್ಪು ಹೇಳಿದಾಗಲೆಲ್ಲ ಚಿಕ್ಕಪ್ಪ, "ಹೋಗಿ ಬಿಕಾಂ ಮಾಡು ಹೋಗು" ಅನ್ನುತ್ತಿದ್ದರು. ಎರಡನೇ ದಿನ ಮೊಬೈಲನ್ನು ಅವರ ಮಡಿಲಿಗೆ ಎಸೆದು ಅಜ್ಜಿಯ ಹತ್ತಿರ ಹೋಗಿ ಕೂತೆ.

ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎದುರಿಗೆ ಬಂದವರನ್ನು ದನಿಯಿಂದ ತಿಳಿಯುತ್ತಿದ್ದಳು, ಕಾಳನ್ನು ಬೆರಳಿಂದ. ಮನೆಯ ಬಿತ್ತನೆ ಬೀಜವೆಲ್ಲ ಆಗಲೂ ಅವಳ ಸುಪರ್ದಿಯಲ್ಲೇ ಇತ್ತು. ಅಟ್ಟದ ಮೇಲಿನ ಮಡಕೆಗಳಲ್ಲಿ ಯಾವುದರಲ್ಲಿ ಏನಿದೆ, ಯಾವುದಕ್ಕೆ ಹುಳ ಬಿದ್ದಿದೆ ಅನ್ನುವುದು ಕೈ ಹಾಕಿದರೆ ಸಾಕು, ಹೇಳುತ್ತಿದ್ದಳು.

"ಕಣ್ಣು ಮುಚ್ಚೇ" ಅಂದಳು ನನಗೆ. "ನೀನು ಕಣ್ಣು ಬಿಟ್ಟುಕೊಂಡಿರೋ ತನಕ ಕೈ ಸೋಮಾರಿಯಾಗಿ ಕೂತಿರ್ತದೆ."

ಮುಚ್ಚಿದೆ. ಅಂಗೈಗೆ ಒಂದು ಚಿಟಿಕೆ ಬಿತ್ತು.

"ಉಜ್ಜು. ಜಾರ್ತದಾ, ನಿಲ್ತದಾ?"

"ಜಾರ್ತದೆ."

"ಅದು ಬರಗು. ಎಣ್ಣೆ ಹಚ್ಚಿದಂಗೆ ಇರ್ತದೆ. ಇವಾಗ ಇದು?"

"ಇದು ಇನ್ನೂ ಸಣ್ಣದು. ಸ್ವಲ್ಪ ತಡೀತದೆ."

"ಹಲ್ಲಲ್ಲಿ ಕಡಿ. ಕಟುಂ ಅಂತಾ?"

"ಹೂಂ."

"ನವಣೆ. ಮರೀಬೇಡ, ಮೊದಲು ಬೆರಳು, ಆಮೇಲೆ ಹಲ್ಲು, ಆಮೇಲೆ ಮೂಗು. ಈ ಮೂರರಲ್ಲಿ ಒಂದಾನ ಹೇಳೇ ಹೇಳ್ತದೆ."

ಹಾಗೆ ಶುರುವಾಯಿತು. ಹುಚ್ಚೆಳ್ಳು ಉದ್ದಕ್ಕೆ ನುಣುಪು, ತುದಿಯಲ್ಲಿ ಚುಚ್ಚುತ್ತದೆ. ಹಿಂಡಿಗಳಿಗೆ ಮೂಗು. ಬೇವಿನ ಹಿಂಡಿ ಮೂಗಿಗೆ ಬರುವ ಮುಂಚೆಯೇ ಗಂಟಲು ಕಹಿಯಾಗುತ್ತದೆ, ಹೊಂಗೆಯದು ಹಳೆ ದೀಪದ ಬತ್ತಿಯ ವಾಸನೆ, ಕಡಲೆಕಾಯಿಯದು ಬಾಯಲ್ಲಿ ನೀರು ತರಿಸುತ್ತದೆ. ಗೊಬ್ಬರಕ್ಕೆ ಒದ್ದೆ ಕೈ. ಒದ್ದೆ ಅಂಗೈಯಲ್ಲಿ ಹಿಡಿದಾಗ ಐಸಿಟ್ಟ ಹಾಗೆ ತಣ್ಣಗಾದರೆ ಅದು ಯೂರಿಯಾ. ಇದನ್ನು ಪುಸ್ತಕದಲ್ಲಿ ಎರಡು ವರ್ಷ ಓದಿದ್ದೆ, ಶಾಖ ಹೀರುವ ಕ್ರಿಯೆ ಅಂತ. ಅಂಗೈ ತಣ್ಣಗಾದ ದಿನವೇ ಅದು ಏನು ಅಂತ ಗೊತ್ತಾದದ್ದು.

ಚಿಕ್ಕಪ್ಪನಿಗೆ ಇದು ಸರಿಬೀಳಲಿಲ್ಲ. "ಅಲ್ಲಮ್ಮ, ಅಲ್ಲೇನು ಕಣ್ಣಿಗೆ ಬಟ್ಟೆ ಕಟ್ಟಿ ಬಿಡ್ತಾರಾ? ನೋಡಿ ಹೇಳೋದು ಕಲಿಸು."

"ನೀನು ಸುಮ್ಕಿರೋ. ಹೋದ ವರ್ಷ ಕಣ್ಣಲ್ಲಿ ನೋಡೇ ತಾನೇ ಅಲಸಂದೆ ಬಿತ್ತನೆ ತಂದಿದ್ದು? ಥಳಥಳ ಅಂತಾದೆ ಅಂದೆ. ಒಂದಾನ ಮೊಳೀತಾ?"

"ಅದು ಅಂಗಡಿಯೋನು ಮಾಡಿದ ಮೋಸ."

"ಕೈಯಲ್ಲಿ ಹಿಡಿದಿದ್ರೆ ಅವನು ಮೋಸ ಮಾಡಕ್ಕಾಗ್ತಿತ್ತಾ? ಪೋರಾ, ಪೋ" ಅಂದಳು ಅಜ್ಜಿ. ಸಿಟ್ಟು ಬಂದರೆ ಅವಳಿಗೆ ತೆಲುಗು ಬರುತ್ತಿತ್ತು. ಚಿಕ್ಕಪ್ಪ ಎದ್ದು ಹೋದರು. ನನಗೆ ಒಳಗೊಳಗೇ ಸಂತೋಷವಾಯಿತು. ಇವತ್ತು ನೆನೆಸಿಕೊಂಡರೆ ಆ ಸಂತೋಷದ ಮೇಲೇ ನನಗೆ ಸಿಟ್ಟು ಬರುತ್ತದೆ.

ಊರಿನವರ ಕಾಟ ಬೇರೆ. ನಾನು ಅಗ್ರಿ ಪರೀಕ್ಷೆಗೆ ಕೂರುತ್ತಿದ್ದೇನೆ ಅನ್ನುವುದು ಒಂದೇ ದಿನದಲ್ಲಿ ಹಬ್ಬಿತ್ತು. ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತವರು, ಬಸ್ಸಿನಲ್ಲಿ ಪಕ್ಕ ಕೂತವರು, ಎಲ್ಲರೂ ಪರೀಕ್ಷಕರೇ. "ಏನಮ್ಮ, ನೇಗಿಲಲ್ಲಿ ಈಸು ಎಲ್ಲಿರ್ತದೆ ಹೇಳು ನೋಡೋಣ." ಈಸು ನೇಗಿಲಿನ ಉದ್ದನೆಯ ಮರ, ನೊಗಕ್ಕೆ ಕಟ್ಟುವುದು. ಅದನ್ನು ನೋಡೋಣ ಅಂದರೆ ಊರಲ್ಲಿ ಒಬ್ಬರ ಮನೆಯಲ್ಲೂ ನೇಗಿಲಿಲ್ಲ. ಎಲ್ಲರದ್ದೂ ಟ್ರ್ಯಾಕ್ಟರು. ಕೇಳಿದವರ ಮನೆಯಲ್ಲೂ ಇರಲಿಲ್ಲ. ಕೊನೆಗೆ ಅಪ್ಪ ನಾಲ್ಕು ಮನೆ ತಿರುಗಿ, ಯಾರದೋ ದನದ ಕೊಟ್ಟಿಗೆಯ ಸೂರಿಗೆ ಆಸರೆ ಕೊಟ್ಟಿದ್ದ ಒಂದು ಮುರುಕು ನೇಗಿಲನ್ನು ಪತ್ತೆ ಮಾಡಿದರು. ಅದನ್ನು ಕೀಳುವ ಹಾಗಿರಲಿಲ್ಲ, ಸೂರು ಬಿದ್ದುಹೋಗುತ್ತಿತ್ತು. ನಾನು ಎಮ್ಮೆಯ ಪಕ್ಕ ನಿಂತು, ಕತ್ತೆತ್ತಿ, ಮೇಲೆ ನೋಡಿಕೊಂಡು ಅದರ ಭಾಗಗಳನ್ನು ಬಾಯಿಪಾಠ ಮಾಡಿದೆ. ಎಮ್ಮೆ ಬಾಲದಲ್ಲಿ ಎರಡು ಸಲ ಮುಖಕ್ಕೆ ಹೊಡೆಯಿತು.

ಹನ್ನೆರಡನೇ ದಿನಕ್ಕೆ ಮೊರದಲ್ಲಿ ಏನು ಹಾಕಿ ಕೊಟ್ಟರೂ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಪಕ್ಕದ ಮನೆಯವರು ನೋಡಲು ಬಂದರು. ಒಬ್ಬಾಕೆ ಎರಡು ಕಾಳು ಬೆರೆಸಿ ಕೊಟ್ಟಳು. ಉಜ್ಜಿ ಎರಡನ್ನೂ ಹೇಳಿದೆ. "ಅತ್ತೆ, ಇವಳು ಗ್ಯಾರಂಟಿ ಪಾಸು" ಅಂದಳು ಅಮ್ಮ. ಸಂಜೆ ಹುಳಕ್ಕೆ ಸೊಪ್ಪು ಹಾಕುವಾಗ ಅಪ್ಪ ಹಾಡು ಗುನುಗುತ್ತಿದ್ದರು. ನಾನು ಹೊರಗೆ ನಿಂತು ಕೇಳಿದೆ.

ಪರೀಕ್ಷೆ ಚಿಂತಾಮಣಿಯ ಒಂದು ಕಾಲೇಜಿನಲ್ಲಿತ್ತು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಬಂದಿದ್ದರು. ಗೇಟಿನ ಮುಂದೆ ನಮ್ಮಂಥವರೇ, ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ನೀರಿನ ಬಾಟ್ಲಿ. ಎಲ್ಲ ಅಪ್ಪಂದಿರೂ ಮಕ್ಕಳ ಕಿವಿಯಲ್ಲಿ ಕೊನೇ ಗಳಿಗೆಯ ಪಾಠ ಊದುತ್ತಿದ್ದರು. ಅಪ್ಪ ಮಾತ್ರ, "ಗಾಬರಿ ಮಾಡ್ಕೋಬೇಡ ಕಣಮ್ಮ. ಅಜ್ಜಿ ಹೇಳಿಕೊಟ್ಟಂಗೆ ಮಾಡು" ಅಂದರು.

ಪರೀಕ್ಷೆಯ ಕೊಠಡಿಯೊಳಗೆ ಉದ್ದಕ್ಕೆ ಮೇಜುಗಳು, ಒಂದೊಂದರ ಮೇಲೆ ಒಂದೊಂದು ನಂಬರು. ಗಂಟೆ ಹೊಡೆದಾಗ ಮುಂದಿನ ಮೇಜಿಗೆ ಸರಿಯಬೇಕು, ಹಿಂದಕ್ಕೆ ಬರುವ ಹಾಗಿಲ್ಲ. ಮೊದಲನೆಯದು ರಾಗಿಯ ತೆನೆ. ಅದನ್ನು ಯಾರಾದರೂ ಹೇಳುತ್ತಾರೆ, ಬರೆದೆ. ಎರಡನೆಯದಕ್ಕೆ ಹೋದೆ.

ಒಂದು ಪ್ಲಾಸ್ಟಿಕ್ ಕವರು. ಬಾಯಿಗೆ ಪಿನ್ನು ಹೊಡೆದಿತ್ತು. ಒಳಗೆ ಸಣ್ಣಗೆ, ಗುಂಡಗೆ, ಸ್ವಲ್ಪ ಹಳದಿ ಕಾಳು. ಮುಂದೆ ಒಂದು ರಟ್ಟಿನ ಚೂರಿನ ಮೇಲೆ ಕೆಂಪು ಮಸಿಯಲ್ಲಿ: ಮುಟ್ಟಬಾರದು.

ತಲೆ ಎತ್ತಿ ಸಾಲನ್ನು ನೋಡಿದೆ. ಮುಂದಿನ ಮೇಜುಗಳ ಮೇಲೆಲ್ಲ ಕವರು, ಇಲ್ಲವೇ ಮುಚ್ಚಳ ಬಿಗಿದ ಗಾಜಿನ ಬಾಟ್ಲಿ. ಎಲ್ಲದರ ಮುಂದೆಯೂ ಅದೇ ರಟ್ಟು. ಅಂಗೈ ಬೆವರಿತು. ಬರಗಾ, ಸಾಮೆಯಾ, ನವಣೆಯಾ? ಬೆರಳಿಗೆ ಕೊಟ್ಟಿದ್ದರೆ ಅರೆ ಗಳಿಗೆಯ ಕೆಲಸ. ಕಣ್ಣಿಗೆ ಮೂರೂ ಒಂದೇ, ಜಗಲಿಯ ಮೇಲೆ ಮೊದಲ ದಿನ ಇದ್ದ ಹಾಗೆಯೇ. ಅಭ್ಯಾಸಬಲದಿಂದ ನನ್ನ ಕಣ್ಣು ಮುಚ್ಚಿಕೊಂಡಿತು, ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಸುಮ್ಮನೆ ಗಾಳಿ ಉಜ್ಜಿತು.

"ಏನಮ್ಮ, ನಿದ್ದೆ ಬರ್ತಿದ್ಯಾ?" ಅಂದರು ಅಲ್ಲಿ ನಿಂತಿದ್ದ ಮೇಷ್ಟ್ರು.

ಹಿಂದಿನ ಹುಡುಗ ಕಿಸಕ್ಕನೆ ನಕ್ಕ. ಗಂಟೆ ಹೊಡೆಯಿತು. 'ನವಣೆ' ಅಂತ ಗೀಚಿ ಮುಂದೆ ಹೋದೆ. ಮೂರನೆಯದೂ ಅಷ್ಟೇ. 'ಸಾಮೆ' ಅಂತ ಬರೆದು, ಹೊಡೆದು ಹಾಕಿ, 'ಬರಗು' ಅಂತ ಬರೆದೆ. ಗೊಬ್ಬರದ ಮೇಜಿನಲ್ಲಿ ಬಿಳಿ ಹರಳುಗಳು ಬಾಟ್ಲಿಯೊಳಗೆ ಬೆಚ್ಚಗೆ ಕೂತಿದ್ದವು. ನನ್ನ ಅಂಗೈ ಒದ್ದೆಯೇ ಇತ್ತು, ಏನು ಮಾಡಲಿ?

ಹಿಂಡಿಯ ಮೇಜಿಗೆ ಬರುವಷ್ಟರಲ್ಲಿ ನನಗೆ ಅಳು ಬಂದಿತ್ತು. ಮೂರು ಬಾಟ್ಲಿ, ಮೂರರಲ್ಲೂ ಕಂದು ಬಣ್ಣದ ಚೂರು. ಒಂದೇ ಒಂದು ಸಲ ಮೂಗಿಗೆ ಸಿಕ್ಕರೆ ಮೂರೂ ಬರೆದುಬಿಡುತ್ತೇನೆ ಅನ್ನಿಸಿತು. ಮೇಷ್ಟ್ರು ಆ ಕಡೆ ತಿರುಗಿದ್ದರು. ಮೊದಲ ಬಾಟ್ಲಿಯ ಮುಚ್ಚಳ ತಿರುಗಿಸಿ ಮೂಗಿನ ಹತ್ತಿರ ತಂದೆ. ಬೇವು! ಎರಡನೆಯದಕ್ಕೆ ಕೈ ಹಾಕಿದೆ. ಮೊದಲನೆಯದರ ಮುಚ್ಚಳ ಜಾರಿ ನೆಲಕ್ಕೆ ಬಿದ್ದು ಠಣ್ ಅಂತ ಉರುಳಿತು.

"ಏಯ್! ಯಾರು ಹೇಳಿದ್ದು ತೆಗೆಯೋಕೆ? ಓದೋಕೆ ಬರೋದಿಲ್ವಾ, ಮುಟ್ಟಬಾರದು ಅಂತ?"

"ಸಾರ್, ವಾಸನೆ ನೋಡಿದ್ರೆ ಗೊತ್ತಾಗ್ತದೆ ಸಾರ್."

"ನೀನು ವಾಸನೆ ನೋಡಿದ್ರೆ ಹಿಂದೆ ಇರೋ ಅಷ್ಟು ಜನಾನೂ ನೋಡ್ತಾರೆ. ಸಂಜೆ ಹೊತ್ತಿಗೆ ಬಾಟ್ಲಿಯಲ್ಲಿ ಏನಿರ್ತದೆ? ಪಕ್ಕಕ್ಕೆ ನಿಂತ್ಕೋ."

ಗೋಡೆ ಪಕ್ಕ ನಿಲ್ಲಿಸಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮೂರು ಸಲ ಗಂಟೆ ನನ್ನ ಎದುರೇ ಹೊಡೆಯಿತು, ನನ್ನ ಹಿಂದಿದ್ದ ಹುಡುಗ ನನ್ನನ್ನು ದಾಟಿ ಮೂರು ಮೇಜು ಮುಂದೆ ಹೋದ. ಆಮೇಲೆ ಮೇಷ್ಟ್ರೇ ಕರೆದು, "ಹೋಗು, ಇನ್ನೊಂದು ಸಲ ಮುಟ್ಟಿದ್ರೆ ಹೊರಗೆ" ಅಂದು ಸಾಲಿಗೆ ಸೇರಿಸಿದರು. ಬಿಟ್ಟುಹೋದ ಮೇಜುಗಳು ಬಿಟ್ಟುಹೋದವು. ಕೊನೆಯ ಕಡೆ ಸಲಕರಣೆಗಳಿದ್ದವು. ಅಲ್ಲಿ ಒಂದು ಹೊಸ ನೇಗಿಲು, ಬಣ್ಣ ಹೊಡೆದದ್ದು, ನೆಲದ ಮೇಲೆ ನೆಟ್ಟಗೆ ನಿಂತಿತ್ತು. ಅದರ ಭಾಗಗಳನ್ನು ಒಂದೂ ಬಿಡದೆ ಬರೆದೆ.

ಹೊರಗೆ ಅಪ್ಪ ಮರದ ಕೆಳಗೆ ಎದ್ದು ನಿಂತರು. "ಹೆಂಗಾಯ್ತು?"

"ಆಯ್ತು."

"ಅಜ್ಜಿ ಹೇಳಿಕೊಟ್ಟಿದ್ದು ಬಂದಿತ್ತಾ?"

"ಎಲ್ಲಾ ಬಂದಿತ್ತು" ಅಂದೆ. ಅದು ಸುಳ್ಳಲ್ಲ. ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಕೂತೆ.

ಮನೆಯಲ್ಲಿ ಎರಡು ದಿನ ಯಾರಿಗೂ ಹೇಳಲಿಲ್ಲ. ಅಜ್ಜಿ ಕೇಳಿದಾಗಲೆಲ್ಲ "ಚೆನ್ನಾಗಿ ಮಾಡಿದೆ ಅಜ್ಜಿ" ಅನ್ನುತ್ತಿದ್ದೆ. ಮೂರನೇ ದಿನ ಚಿಕ್ಕಪ್ಪ ಬಂದರು. ಅವರಿಗೆ ಸುಳ್ಳು ಹೇಳುವುದು ಕಷ್ಟ, ಒಂದರ ಮೇಲೊಂದು ಕೇಳುತ್ತಾರೆ. ಯಾವ ಮೇಜಿನಲ್ಲಿ ಏನಿತ್ತು, ನೀನು ಏನು ಬರೆದೆ, ಯಾಕೆ ಹಾಗೆ ಬರೆದೆ. ಕೊನೆಗೆ ಕವರಿನ ವಿಷಯ, ಬಾಟ್ಲಿಯ ವಿಷಯ ಎಲ್ಲ ಹೊರಗೆ ಬಂತು.

"ನಾನು ಬಡ್ಕೊಂಡೆ! ನೋಡಿ ಹೇಳೋದು ಕಲಿಸಮ್ಮ ಅಂತ ಬಡ್ಕೊಂಡೆ!" ಅಂತ ಚಿಕ್ಕಪ್ಪ ಜಗಲಿಗೆ ಹೋಗಿ ಅಜ್ಜಿಯ ಮುಂದೆ ಕೂಗಿದರು. "ನಿನ್ನ ಪಾಠದಿಂದ ಹುಡುಗಿ ಸೀಟು ಹೋಯ್ತು, ಗೊತ್ತಾ?"

"ಏ, ಬಾಯಿ ಮುಚ್ಚೋ!" ಅಂದರು ಅಪ್ಪ. ತಮ್ಮನ ಮೇಲೆ ಅವರು ದನಿ ಎತ್ತಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಅಜ್ಜಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಮುಟ್ಟಕ್ಕೆ ಬಿಡ್ಲಿಲ್ವಾ?" ಅಂದಳು ನನ್ನ ಹೆಜ್ಜೆ ಸಪ್ಪಳ ಬಂದ ಕಡೆ ಮುಖ ಮಾಡಿ. "ಕಾಳು ಮುಟ್ಟದೆ ಹೆಂಗೆ ಹೇಳ್ತಾರೆ? ಯಾರಾನ ಹೇಳ್ತಾರಾ?"

"ಹೇಳ್ತಾರೆ ಅಜ್ಜಿ. ಉಳಿದವರು ಹೇಳಿದ್ರು."

"ಹಂಗಾದ್ರೆ ಅವರಿಗೆ ಕಣ್ಣು ಚೆನ್ನಾಗಿ ಕಾಣ್ತದೆ" ಅಂದಳು ಅಜ್ಜಿ. ಮಧ್ಯಾಹ್ನ ಊಟಕ್ಕೆ ಕರೆದರೆ ಹಸಿವಿಲ್ಲ ಅಂದಳು. ನಾನು ಪಕ್ಕ ಹೋಗಿ ಕೂತರೆ, "ನನಗೆ ಕಾಣ್ದೆ ಇರೋದು ನಿನಗೂ ಕಾಣ್ದಂಗೆ ಮಾಡಿಬಿಟ್ಟೆ ಕಣೇ" ಅಂದಳು. ಇಲ್ಲ ಅಜ್ಜಿ, ಫೋಟೋ ಬೇಡ ಅಂತ ಎದ್ದು ಬಂದವಳು ನಾನೇ ಅಂತ ಹೇಳಬೇಕಿತ್ತು.

ಸಿಟ್ಟು ನನಗೆ ಎಲ್ಲರ ಮೇಲೂ ಇತ್ತು. ಚಿಕ್ಕಪ್ಪ ಹೇಳಿದ್ದು ಸರಿಯಾಗಿತ್ತು ಅನ್ನುವುದಕ್ಕೇ ಅವರ ಮೇಲೆ ಸಿಟ್ಟು. ನಮ್ಮ ಮನೆಯಲ್ಲಿ ಹಗಲೂ ಇರುಳೂ ಹುಳ, ಸೊಪ್ಪು, ಗೊಬ್ಬರ. ಹೊಸ್ತಿಲಾಚೆ ಕಾಲಿಟ್ಟರೆ ತೋಟ. ಇಷ್ಟರ ಮಧ್ಯೆ ಹುಟ್ಟಿ ಬೆಳೆದವಳನ್ನು ಎರಡು ವರ್ಷ ಬಾಗಿಲಾಚೆ ನಿಲ್ಲಿಸಿ, ಹದಿನೈದು ದಿನದಲ್ಲಿ ಎಲ್ಲ ಕಲಿ ಅಂದರೆ ಹೇಗೆ? ಒಂದು ಸಂಜೆ ಅಮ್ಮನಿಗೆ ಇದನ್ನೇ ಅಂದುಬಿಟ್ಟೆ. "ನೀನು ಆಡಿಕೊಂಡು ತಿರುಗ್ತಿದ್ಯಲ್ಲ, ನಮ್ಮ ಹುಡುಗಿ ಒಂದು ಎಲೆ ಕೊಯ್ದಿಲ್ಲ ಅಂತ. ಈಗ ಹೇಳ್ಕೋ."

ಅಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನನ್ನ ಕೈ ನೋಡಿದ್ದೀಯಾ?" ಅಂದಳು. "ಈ ಕೈ ನಿನಗೆ ಬರಬಾರದು ಅಂತ ಹಂಗಂದೆ. ತಪ್ಪೇನು?"

ಉಗುರಿನ ಸಂದಿಗಳಲ್ಲಿ ಸೊಪ್ಪಿನ ಕರೆ ಕಪ್ಪಗೆ ಕೂತಿತ್ತು. ಅದಕ್ಕೂ ಸಿಟ್ಟು ಬಂತು.

ಪಟ್ಟಿಗಳು ಒಂದೊಂದಾಗಿ ಬಂದವು. ಪ್ರಾಯೋಗಿಕದಲ್ಲಿ ಬಂದ ಅಂಕ ನೋಡಿ ಚಿಕ್ಕಪ್ಪ ಮೊಬೈಲನ್ನು ಜೇಬಿಗೆ ಹಾಕಿಕೊಂಡರು. ಮೊದಲ ಸುತ್ತಿನಲ್ಲಿ ಸೀಟು ಬರಲಿಲ್ಲ. ಎರಡನೆಯದರಲ್ಲೂ ಬರಲಿಲ್ಲ. ಇನ್ನೂ ಒಂದು ಸುತ್ತು ಇದೆ ಅಂತ ಅಮ್ಮ ಶುಕ್ರವಾರ ಶುಕ್ರವಾರ ದೀಪ ಹಚ್ಚಿದಳು. ಕೊನೆಯ ಸುತ್ತಿನ ಫಲಿತಾಂಶ ಬಂದ ದಿನ ನಮ್ಮಲ್ಲಿ ರೇಷ್ಮೆ ಗೂಡು ಬಿಡಿಸುವ ಕೆಲಸ ನಡೆದಿತ್ತು. ಸಾದಲಿಯ ಕಂಪ್ಯೂಟರ್ ಅಂಗಡಿಯಲ್ಲಿ ನೋಡಿಕೊಂಡು ನಾನು ನಡೆದು ಬಂದೆ. ಅಂಗಳದಲ್ಲಿದ್ದ ಅಪ್ಪ ನನ್ನ ಮುಖ ನೋಡಿ ಮತ್ತೆ ಗೂಡು ಬಿಡಿಸತೊಡಗಿದರು.

ಮುಂದಿನ ಸೋಮವಾರ ಅಪ್ಪ ಜೊತೆಯಲ್ಲಿ ಬಂದು ನನ್ನನ್ನು ಶಿಡ್ಲಘಟ್ಟದ ಕಾಲೇಜಿಗೆ ಬಿ.ಎಸ್ಸಿ.ಗೆ ಸೇರಿಸಿದರು. ಅರ್ಜಿಯಲ್ಲಿ ತಂದೆಯ ಉದ್ಯೋಗ ಅನ್ನುವ ಕಡೆ 'ಕೃಷಿ' ಅಂತ ನಾನೇ ಬರೆದೆ. ಮಧ್ಯಾಹ್ನ ಬಸ್ಸಿಳಿದು ಅಪ್ಪ ಮನೆಗೆ ಹೋಗದೆ ನೇರ ತೋಟದ ದಾರಿ ಹಿಡಿದರು. ನಾನೂ ಹಿಂದೆ ಹೋದೆ. ಅವರು ಒಂದು ಸಾಲು ಹಿಡಿದರು, ನಾನು ಪಕ್ಕದ ಸಾಲು ಹಿಡಿದು ಸೊಪ್ಪು ಕೊಯ್ಯತೊಡಗಿದೆ. ಅಪ್ಪ ಒಮ್ಮೆ ತಿರುಗಿ ನೋಡಿದರು, ಬೇಡ ಅನ್ನಲಿಲ್ಲ.